ಗರ್ಭಿಣಿಗೆ ನಡಿಗೆಯೋ ವಿಶ್ರಾಂತಿಯೋ? — ಒಂದು ಚಾರಿತ್ರಿಕ ವಿಚಾರ

ಜತ್ತ ಸೀಮೆಯ ನಮ್ಮ ಊರಿನಲ್ಲಿ, ಒಂದೇ ಓಣಿಯ ಎರಡು ಮನೆಗಳಲ್ಲಿ, ಒಂದೇ ವರ್ಷದಲ್ಲಿ ಇಬ್ಬರು ಬಸುರಿಯರನ್ನು ನಾವು ಕಂಡೆವು. ಒಬ್ಬಳು ನಮ್ಮ ಮನೆಯಾಕೆಯೇ. ಏಳನೆಯ ತಿಂಗಳು ಹಿಡಿದದ್ದೇ ತಡ, ಮನೆಯ ಹಿರಿಯರು ಅವಳನ್ನು ಮಂಚದಿಂದ ಇಳಿಯಗೊಡಲಿಲ್ಲ. ಹೊಸ್ತಿಲು ದಾಟಬೇಡ, ಕೈ ಮೇಲೆತ್ತಬೇಡ, ಬಗ್ಗಬೇಡ ಎಂಬ ಬೇಡಗಳ ನಡುವೆ ಅವಳ ಮೂರು ತಿಂಗಳು ಕಳೆದುವು. ಇನ್ನೊಬ್ಬಳು ನಮ್ಮ ಶಾಲೆಯಲ್ಲಿ ಮಕ್ಕಳ ಮಧ್ಯಾಹ್ನದ ಊಟಕ್ಕೆ ಅಡಿಗೆ ಮಾಡುವ ತಾಯಿ. ಅವಳು ಹೆರಿಗೆಯ ಹಿಂದಿನ ದಿನದವರೆಗೂ ಎರಡು ಕೊಡ ನೀರು ಹೊತ್ತು ಬಾವಿಯಿಂದ ಬಂದಳು. ಉಳಿದ ಹೊತ್ತು ಹೊಲದಲ್ಲಿ ಕಳೆ ಕಿತ್ತಳು. ಹೆರಿಗೆಯ ತರುವಾಯ ನಮ್ಮ ಮನೆಯಾಕೆ ತಿಂಗಳುಗಟ್ಟಲೆ ಕಾಲಿನಲ್ಲಿ ಬಲವಿಲ್ಲದೆ ಗೋಡೆ ಹಿಡಿದು ನಡೆದಳು. ಅಡಿಗೆಯ ತಾಯಿಯ ಕೂಸು ಎರಡು ಕಿಲೋ ಕೂಡ ತೂಗಲಿಲ್ಲ. ಇಬ್ಬರಿಗೂ ಬುದ್ಧಿ ಹೇಳಿದವರು, “ಹಿಂದಿನಿಂದಲೂ ನಡೆದು ಬಂದದ್ದೇ ಹೀಗೆ” ಎಂದೇ ಹೇಳಿದ್ದರು.

ಹಿಂದಿನಿಂದ ನಡೆದು ಬಂದದ್ದು ನಿಜವಾಗಿ ಏನು? ಈ ಪ್ರಶ್ನೆ ನಮ್ಮನ್ನು ಬಹುದಿನ ಕಾಡಿತು. ನಾವು ವೈದ್ಯರಲ್ಲ, ಮಕ್ಕಳಿಗೆ ಅಕ್ಷರ, ಲೆಕ್ಕ, ಇತಿಹಾಸ ಕಲಿಸುವ ಪ್ರಾಥಮಿಕ ಶಾಲೆಯ ಶಿಕ್ಷಕರು. ಆದುದರಿಂದ ಇಲ್ಲಿ ಚಿಕಿತ್ಸೆಯನ್ನು ಹೇಳದೆ ಚರಿತ್ರೆಯನ್ನು ಮಾತ್ರ ನಿರೂಪಿಸಲು ಯತ್ನಿಸಿದ್ದೇವೆ. ಈ ಚರಿತ್ರೆ ರಾಜರದಲ್ಲ, ಯುದ್ಧಗಳದಲ್ಲ. ಬಸುರಿಯಾದ ಹೆಣ್ಣು ಎಷ್ಟು ನಡೆಯಬೇಕು, ಎಷ್ಟು ಕುಳಿತಿರಬೇಕು ಎಂಬುದನ್ನು ಬೇರೆಯವರು ನಿರ್ಧರಿಸಿದ ಚರಿತ್ರೆ.

ಮೊದಲಿಗೆ ಗ್ರೀಕರನ್ನು ನೋಡೋಣ. ತತ್ತ್ವಜ್ಞಾನಿ ಪ್ಲೇಟೋ ತನ್ನ ‘ಶಾಸನಗಳು’ ಎಂಬ ಗ್ರಂಥದ ಏಳನೆಯ ಭಾಗದಲ್ಲಿ ಒಂದು ವಿನೋದದ ಸಂಗತಿಯಿಂದ ವಿಷಯವನ್ನು ಆರಂಭಿಸುತ್ತಾನೆ. ಅಥೆನ್ಸಿನಲ್ಲಿ ಕಾಳಗದ ಹಕ್ಕಿಗಳನ್ನು ಸಾಕಿದವರು ಅವುಗಳನ್ನು ಕಂಕುಳಲ್ಲಿಟ್ಟುಕೊಂಡು ಹರದಾರಿಗಟ್ಟಲೆ ನಡೆಯುತ್ತಿದ್ದರಂತೆ. ತಮ್ಮ ಮೈಗಲ್ಲ, ಹಕ್ಕಿಗಳ ಮೈಗೆ ಒಳ್ಳೆಯದಾಗಲೆಂದು. ಅಲುಗಾಟದಿಂದ ದೇಹಕ್ಕೆ ಪುಷ್ಟಿಯೆಂದಾದರೆ ಗರ್ಭಿಣಿಯೂ ನಡೆದಾಡುವುದು ಯುಕ್ತವೆಂಬುದು ಅವನ ವಾದ. ಕೂಸು ನಿದ್ದೆಹೋಗಬೇಕಾದರೆ ತಾಯಿ ಅದನ್ನು ಸುಮ್ಮನೆ ಮಲಗಿಸುವುದಿಲ್ಲ, ತೋಳಿನಲ್ಲಿ ತೂಗುತ್ತಾಳೆ ಎಂಬುದನ್ನೂ ಅವನು ಗಮನಿಸಿದ್ದಾನೆ. ತೊಟ್ಟಿಲು ತೂಗುವ ನಾಡಿನವರಾದ ನಮಗೆ ಇದನ್ನು ಯಾರೂ ವಿವರಿಸಬೇಕಾದುದಿಲ್ಲ.

ಅವನ ಶಿಷ್ಯ ಅರಿಸ್ಟಾಟಲನು ‘ರಾಜನೀತಿ’ಯ ಏಳನೆಯ ಭಾಗದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದನು. ಗರ್ಭಿಣಿಯರು ಜಡರಾಗಿ ಕೂಡಬಾರದು. ಇದಕ್ಕಾಗಿ ಶಾಸನಕರ್ತನು ಮಾಡಬೇಕಾದುದು ಸುಲಭ. ಪ್ರಸವದ ಅಧಿದೇವತೆಗಳ ಗುಡಿಗೆ ದಿನವೂ ನಡೆದುಹೋಗಿ ಪೂಜೆ ಸಲ್ಲಿಸಬೇಕೆಂದು ವಿಧಿಸಿದರೆ ಸಾಕು ಎಂದನು. ಆದರೆ ಮನಸ್ಸಿಗೆ ಮಾತ್ರ ಆಯಾಸವಿರಬಾರದು ಎಂದೂ ಸೇರಿಸಿದನು. ವ್ಯಾಯಾಮವೆಂದು ಹೇಳಿದರೆ ಹೊರಡದವಳು ದೇವರೆಂದರೆ ಹೊರಡುವಳೆಂಬ ಲೋಕಾನುಭವ ಈ ಮಾತಿನಲ್ಲಿದೆ. ಆದರೆ ಈ ಇಬ್ಬರ ಚಿಂತೆಯೂ ಮುಖ್ಯವಾಗಿ ರಾಜ್ಯಕ್ಕೆ ಬೇಕಾದ ಗಟ್ಟಿಮುಟ್ಟಾದ ಪ್ರಜೆಯನ್ನು ಕುರಿತದ್ದು, ತಾಯಿಯನ್ನು ಕುರಿತದ್ದಲ್ಲ ಎಂಬುದನ್ನು ವಾಚಕರು ಮರೆಯಬಾರದು.

ನಮ್ಮ ದೇಶದ ವೈದ್ಯಗ್ರಂಥಗಳು ಏನು ಹೇಳಿವೆ? ಹಿರಿಯರು ಸಾಮಾನ್ಯವಾಗಿ ವಿಶ್ರಾಂತಿಯ ಪರವಾಗಿ ಆಯುರ್ವೇದದ ಹೆಸರನ್ನು ಹೇಳುವರು. ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ಗರ್ಭಿಣಿಗೆ ವ್ಯಾಯಾಮ ನಿಷಿದ್ಧವೆಂಬುದು ನಿಜ. ಆದರೆ ಆ ನಿಷೇಧಗಳ ಪಟ್ಟಿಯನ್ನು ಪೂರ್ತಿಯಾಗಿ ಓದಬೇಕು. ವಾಹನದ ಕುಲುಕಾಟ, ಕುಕ್ಕರುಗಾಲಿನಲ್ಲಿ ಕೂಡುವುದು, ಅತಿಯಾದ ಉಪವಾಸ, ರಾತ್ರಿಯ ಜಾಗರಣೆ, ಶೋಕ, ಭಯ ಇವುಗಳೊಡನೆ ಹಗಲುನಿದ್ದೆಯೂ, ಅತಿಯಾದ ಪೋಷಣೆಯೂ ಅಲ್ಲಿಯೇ ನಿಷಿದ್ಧವಾಗಿವೆ. ಎಂದರೆ, ಹಾಸಿಗೆ ಹಿಡಿದು ಮಲಗಿಸಿ ತುಪ್ಪ ಉಣಿಸುವವರಿಗೂ ಆ ಗ್ರಂಥದ ಸಮ್ಮತಿಯಿಲ್ಲ. ಹೊರೆ ಹೊರಿಸುವವರಿಗಂತೂ ಇಲ್ಲವೇ ಇಲ್ಲ. ಚರಕಸಂಹಿತೆಯಲ್ಲಿ ಗರ್ಭಿಣಿಯ ಆರೈಕೆಗೆ ಒಂದು ಸೊಗಸಾದ ಉಪಮಾನವುಂಟು: ಅಂಚಿನವರೆಗೆ ಎಣ್ಣೆ ತುಂಬಿದ ಪಾತ್ರೆಯನ್ನು ಕಲಕದೆ ನೋಡಿಕೊಳ್ಳುವಂತೆ ಅವಳನ್ನು ನೋಡಿಕೊಳ್ಳಬೇಕು ಎಂದು. ತುಂಬಿದ ಪಾತ್ರೆಯನ್ನು ಹಿಡಿದವನು ನಿಂತೇ ಇರಬೇಕೆಂದಿಲ್ಲ. ಓಡಬಾರದು, ಎಡವಬಾರದು, ಮೆಲ್ಲನೆ ಹೆಜ್ಜೆಯಿಡಬೇಕು. ನಮ್ಮ ಮಟ್ಟಿಗೆ ಈ ಉಪಮಾನದಲ್ಲಿ ವಿಶ್ರಾಂತಿಗಿಂತ ಎಚ್ಚರಿಕೆಯ ಉಪದೇಶವೇ ಹೆಚ್ಚಾಗಿ ತೋರುತ್ತದೆ.

ಹೀಗೆ ಹಳೆಯ ಗ್ರಂಥಗಳು ಎರಡು ತುದಿಗಳನ್ನೂ ಬಿಟ್ಟು ನಡುವಿನ ದಾರಿಯನ್ನು ಹೇಳಿದ್ದರೂ, ಸಮಾಜವು ಗ್ರಂಥವನ್ನು ನೋಡಿ ನಡೆಯಲಿಲ್ಲ. ಅಂತಸ್ತನ್ನು ನೋಡಿ ನಡೆಯಿತು. ಉಳ್ಳವರ ಮನೆಯ ಹೆಣ್ಣು ಒಳಗಿರುವುದು ಮರ್ಯಾದೆಯೆನಿಸಿತು. ಇಲ್ಲದವರ ಮನೆಯ ಹೆಣ್ಣು ದುಡಿಯುವುದು ಅನಿವಾರ್ಯವೆನಿಸಿತು. ಯುರೋಪಿನಲ್ಲಿಯೂ ಇದೇ ಕಥೆ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಸಿರಿವಂತ ಗೃಹಿಣಿ ಹೆರಿಗೆಯ ಮುಂಚೆಯೂ ಅನಂತರವೂ ವಾರಗಟ್ಟಲೆ ಕೋಣೆಯಲ್ಲಿಯೇ ಇರುತ್ತಿದ್ದಳು. ಹೆರಿಗೆಗೆ ಇಂಗ್ಲಿಷಿನವರು ಇಟ್ಟ ಒಂದು ಹೆಸರಿನ ಅರ್ಥವೇ ‘ಬಂಧನ’ವೆಂದು. ಅದೇ ಕಾಲದಲ್ಲಿ ಗಿರಣಿಯ ಹೆಣ್ಣುಮಕ್ಕಳು ಯಂತ್ರದ ಮುಂದೆ ದಿನವಿಡೀ ನಿಂತಿರುತ್ತಿದ್ದರು.

ಈ ಎರಡು ಬಗೆಯ ಬಾಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದ ಒಬ್ಬ ವೈದ್ಯೆಯ ವೃತ್ತಾಂತವೇ ನಮ್ಮ ಈ ಲೇಖನದ ಹೃದಯ. ಅವಳ ಹೆಸರು ಕ್ಯಾಥ್ಲೀನ್ ವಾನ್. ಆಂಗ್ಲ ವೈದ್ಯೆಯಾದ ಈಕೆ ಕಾಶ್ಮೀರದ ಶ್ರೀನಗರದಲ್ಲಿ ಸ್ತ್ರೀಯರ ಚಿಕಿತ್ಸೆಯಲ್ಲಿ ತೊಡಗಿದ್ದಳು. ಊರಿನೊಳಗಿನ ಗೋಷಾ ಮನೆಗಳಿಂದ ಬರುತ್ತಿದ್ದ ಹೆಂಗಸರಲ್ಲಿ ಹಲವರಿಗೆ ಹೆರಿಗೆ ಪ್ರಾಣಾಂತಿಕವಾಗುತ್ತಿತ್ತು. ಅವರ ಎಲುಬುಗಳು ಮೆತ್ತಗಾಗಿ, ಸೊಂಟದ ಎಲುಬಿನ ಕಟ್ಟು ಸೊಟ್ಟಗಾಗಿ, ಕೂಸು ಹೊರಬರುವ ದಾರಿಯೇ ಇಕ್ಕಟ್ಟಾಗಿರುತ್ತಿತ್ತು. ಆಸ್ಟಿಯೋಮಲೇಸಿಯಾ ಎಂದು ವೈದ್ಯರು ಕರೆಯುವ ರೋಗವದು. ಅದೇ ಶ್ರೀನಗರದ ನೀರಿನ ಮೇಲೆ ದೋಣಿಗಳಲ್ಲಿಯೇ ಸಂಸಾರ ಹೂಡಿದ ಹಾಂಜಿ ಜನರಿದ್ದರು. ಅವರ ಹೆಂಗಸರು ಬಿಸಿಲಿನಲ್ಲಿ ಕುಳಿತು ಹುಟ್ಟು ಹಾಕುತ್ತಿದ್ದರು. ಅವರಿಗೆ ಹೆರಿಗೆ ಸರಾಗವಾಗಿತ್ತು. ಗಾಳಿ ಅದೇ, ನೀರು ಅದೇ, ನಾಡು ಅದೇ. ಭೇದವಿದ್ದದ್ದು ಗೋಡೆಯಲ್ಲಿ.

ಕ್ಯಾಥ್ಲೀನ್ ವಾನ್ 1928ರಲ್ಲಿ ಗೋಷಾ ಪದ್ಧತಿಯಿಂದ ತಾಯ್ತನಕ್ಕಾಗುವ ಹಾನಿಯನ್ನು ಕುರಿತು ಒಂದು ಪುಸ್ತಕವನ್ನು ಪ್ರಕಟಿಸಿ, ಬೆಳಕು ಮತ್ತು ಗಾಳಿಯ ಅಭಾವವೇ ಈ ರೋಗಕ್ಕೆ ಕಾರಣವೆಂದು ವಾದಿಸಿದಳು. ಆ ವಾದಕ್ಕೆ ವಿಜ್ಞಾನದ ಬೆಂಬಲ ಆಗತಾನೆ ಒದಗಿತ್ತು. 1919ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಮೆಲ್ಲನ್ಬಿ ಎಂಬಾತನು ಎಲುಬಿನ ರೋಗಕ್ಕೆ ಆಹಾರದ ಕೊರತೆ ಕಾರಣವೆಂದೂ, ಕಾಡ್ ಮೀನಿನ ಎಣ್ಣೆಯಿಂದ ಅದು ವಾಸಿಯಾಗುವುದೆಂದೂ ನಾಯಿಗಳ ಮೇಲಿನ ಪ್ರಯೋಗದಿಂದ ತೋರಿಸಿದ್ದನು. ಅದೇ ವರ್ಷ ಬರ್ಲಿನ್ನಿನ ಹುಲ್ಡ್‌ಶಿನ್ಸ್ಕಿಯು ನೇರಿಳೆಯಾಚೆಯ ಕಿರಣಗಳಿಂದ ಮಕ್ಕಳ ಎಲುಬಿನ ರೋಗವನ್ನು ಗುಣಪಡಿಸಿದನು. 1922ರಲ್ಲಿ ಅಮೆರಿಕದ ಮೆಕಾಲಮ್ ಆ ಎಣ್ಣೆಯೊಳಗಿನ ಸತ್ತ್ವವನ್ನು ಬೇರೆಯಾಗಿ ಗುರುತಿಸಿದನು. ಅದಕ್ಕೆ ಡಿ ಜೀವಸತ್ತ್ವವೆಂಬ ಹೆಸರು ನಿಂತಿತು. ಬಿಸಿಲು ಮೈಗೆ ತಾಗಿದರೆ ಚರ್ಮದಲ್ಲಿ ಈ ಸತ್ತ್ವ ಹುಟ್ಟುತ್ತದೆ. ಇದಿಲ್ಲದೆ ಉಂಡ ಆಹಾರದ ಸುಣ್ಣದಂಶವನ್ನು ದೇಹವು ಸರಿಯಾಗಿ ಹೀರಿಕೊಳ್ಳಲಾರದು.

ದೋಣಿಯ ಹೆಂಗಸಿಗೆ ಒಳ್ಳೆಯದಾದದ್ದು ಬಿಸಿಲಿನಿಂದಲೋ, ಹುಟ್ಟು ಹಾಕುವ ಕೆಲಸದಿಂದಲೋ? ಎಲುಬು ಗಟ್ಟಿಯಾದುದಕ್ಕೆ ಬಿಸಿಲೇ ಮುಖ್ಯ ಕಾರಣವೆಂದು ಈಗ ಹೇಳಬಹುದು. ಆದರೆ ಕ್ಯಾಥ್ಲೀನ್ ವಾನ್ ಎರಡನ್ನೂ ನಂಬಿದ್ದಳು. ಸ್ವದೇಶಕ್ಕೆ ಮರಳಿದ ಮೇಲೆ, 1951ರಲ್ಲಿ, ಹೆರಿಗೆಗೆ ಮುಂಚಿನ ವ್ಯಾಯಾಮಗಳನ್ನು ಕುರಿತು ಇನ್ನೊಂದು ಪುಸ್ತಕವನ್ನು ಬರೆದಳು. ಕುಕ್ಕರುಗಾಲಿನಲ್ಲಿ ಕೂಡುವುದನ್ನೂ, ಚಕ್ಕಳಮಕ್ಕಳ ಹಾಕಿ ಕೂಡುವುದನ್ನೂ, ಕುರ್ಚಿ ಬಿಟ್ಟಿಳಿಯದ ಇಂಗ್ಲೆಂಡಿನ ಗೃಹಿಣಿಯರಿಗೆ ಅವಳು ಕಲಿಸಲು ಹೊರಟದ್ದು ಚರಿತ್ರೆಯ ಒಂದು ಚಮತ್ಕಾರ. ನಮ್ಮ ಅಜ್ಜಿಯಂದಿರು ಒಲೆಯ ಮುಂದೆ, ಬೀಸುವ ಕಲ್ಲಿನ ಮುಂದೆ ಕುಳಿತ ಭಂಗಿಗಳನ್ನು ಲಂಡನ್ನಿನವರು ಪುಸ್ತಕ ಹಿಡಿದು ಕಲಿಯಬೇಕಾಯಿತು.

ಲಂಡನ್ನಿನಲ್ಲಿ ಈ ಕಾರ್ಯ ಅದಕ್ಕೂ ಮುಂಚೆಯೇ ಮೊದಲಾಗಿತ್ತು. ಅಲ್ಲಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ 1912ರಲ್ಲಿ ಫೇರ್‌ಬೇರ್ನ್ ಎಂಬ ಪ್ರಸೂತಿವೈದ್ಯನು ಬಾಣಂತಿಯರಿಗೆ ಹಿತವಾದ ಅಂಗಸಾಧನೆಯನ್ನು ರೂಪಿಸಿಕೊಡುವಂತೆ ಮಿನಿ ರಾಂಡೆಲ್ ಎಂಬಾಕೆಯನ್ನು ಕೇಳಿಕೊಂಡನು. ಆಕೆ ದಾದಿಯೂ ಹೌದು, ಸೂಲಗಿತ್ತಿಯೂ ಹೌದು, ಅಂಗಮರ್ದನವನ್ನು ಬಲ್ಲವಳೂ ಹೌದು. ಬಾಣಂತಿಯರಿಗೆಂದು ತೊಡಗಿದ ಆ ಕೆಲಸ ಕ್ರಮೇಣ ಗರ್ಭಿಣಿಯರಿಗೂ ವಿಸ್ತರಿಸಿತು. ಮಾರ್ಗರೆಟ್ ಮಾರಿಸ್ ಎಂಬ ನರ್ತಕಿ ಆಕೆಯೊಡನೆ ಸೇರಿದಳು. ಇಬ್ಬರೂ ಕೂಡಿ 1936ರಲ್ಲಿ ಈ ವ್ಯಾಯಾಮಗಳ ಪುಸ್ತಕವನ್ನು ಹೊರತಂದರು. 1933ರಲ್ಲಿ ಗ್ರಾಂಟ್ಲಿ ಡಿಕ್-ರೀಡ್ ಎಂಬ ವೈದ್ಯನು, ಹೆರಿಗೆಯ ನೋವನ್ನು ಹೆಚ್ಚಿಸುವುದು ಭಯವೆಂದು ಬರೆದನು. ಅವನ ವಿಚಾರವನ್ನು ಹೆಲೆನ್ ಹಾರ್ಡ್‌ಮನ್ ಎಂಬ ಅಂಗಸಾಧನಾ ಶಿಕ್ಷಕಿ 1948ರ ಹೊತ್ತಿಗೆ ಪಾಠಗಳ ರೂಪಕ್ಕೆ ತಂದಳು. ಅದೇ 1948ರಲ್ಲಿ ಅಮೆರಿಕದ ಆರ್ನಾಲ್ಡ್ ಕೀಗಲ್ ಎಂಬ ವೈದ್ಯನು, ಹೆರಿಗೆಯಲ್ಲಿ ಸಡಿಲಗೊಂಡ ಕಿಬ್ಬೊಟ್ಟೆಯ ತಳದ ಸ್ನಾಯುಗಳನ್ನು ಬಿಗಿಹಿಡಿದು ಸಡಿಲಿಸುವ ಅಭ್ಯಾಸದಿಂದ ಮತ್ತೆ ಬಲಪಡಿಸಬಹುದೆಂದು ತೋರಿಸಿದನು. ಕೆಮ್ಮಿದರೆ, ನಕ್ಕರೆ ಮೂತ್ರ ಹನಿಯುವ ಸಂಕಟವನ್ನು ಯಾರೊಡನೆಯೂ ಹೇಳಿಕೊಳ್ಳದೆ ಬಾಳುವ ತಾಯಂದಿರು ನಮ್ಮಲ್ಲಿ ಎಷ್ಟೋ ಮಂದಿ. ಅವರಿಗೆ ಈ ಅಭ್ಯಾಸವನ್ನು ಹೇಳಿಕೊಡುವವರಿಲ್ಲ.

ಬಾಣಂತಿ ಮಲಗಿಯೇ ಇರಬೇಕೆಂಬ ನಿಯಮವನ್ನು ಮುರಿದದ್ದು ಬಹುಮಟ್ಟಿಗೆ ಯುದ್ಧ. ಹಿಂದೆ ಪಶ್ಚಿಮದ ಆಸ್ಪತ್ರೆಗಳಲ್ಲಿ ಬಾಣಂತಿಯನ್ನು ಹತ್ತು ದಿನ, ಎರಡು ವಾರ ಹಾಸಿಗೆಯಲ್ಲಿಯೇ ಇರಿಸುವ ರೂಢಿಯಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹಾಸಿಗೆಗಳಿಗೂ ದಾದಿಯರಿಗೂ ಕೊರತೆ ಬಂದು, ಅವಳನ್ನು ಬೇಗನೆ ಎಬ್ಬಿಸಿ ನಡೆಸಬೇಕಾಯಿತು. ಕೇಡಾಗುವುದೆಂದು ಹೆದರಿದ್ದವರಿಗೆ ಕೇಡಾಗದಿರುವುದು ಕಂಡಿತು. ಬಹುಕಾಲ ಅಲುಗದೆ ಮಲಗಿದರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆಯೆಂಬುದು ಇಂದು ಎಲ್ಲ ವೈದ್ಯರೂ ಒಪ್ಪಿದ ಮಾತು. ನಮ್ಮ ನಲವತ್ತು ದಿನದ ಬಾಣಂತನದಲ್ಲಿ ಒಳ್ಳೆಯದೂ ಇದೆ. ತಾಯಿಗೆ ಕೆಲಸದಿಂದ ಬಿಡುವು, ಎಣ್ಣೆನೀರು, ಬಿಸಿಯೂಟ, ತವರಿನ ಆದರ, ಇವು ಕಡಿಮೆಯವಲ್ಲ. ಆದರೆ ಬಿಡುವು ಬೇರೆ, ಕತ್ತಲೆಕೋಣೆಯ ಸೆರೆ ಬೇರೆ.

ಇಷ್ಟರವರೆಗೆ ಹೇಳಿದುದು ನಡಿಗೆ ಸಿಗದ ಹೆಣ್ಣಿನ ಚರಿತ್ರೆ. ವಿಶ್ರಾಂತಿ ಸಿಗದ ಹೆಣ್ಣಿನ ಚರಿತ್ರೆಯನ್ನು ವ್ಯಾಯಾಮದ ಪುಸ್ತಕಗಳಲ್ಲಿ ಹುಡುಕಿದರೆ ದೊರೆಯದು. ಅದನ್ನು ಕಾನೂನಿನ ಪುಸ್ತಕಗಳಲ್ಲಿ ಹುಡುಕಬೇಕು. 1919ರಲ್ಲಿ ವಾಷಿಂಗ್ಟನ್ನಿನಲ್ಲಿ ಕೂಡಿದ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನವು ದುಡಿಯುವ ತಾಯಿಗೆ ಹೆರಿಗೆಗೆ ಮುಂಚೆ ಆರು ವಾರ, ಅನಂತರ ಆರು ವಾರ ಬಿಡುವಿರಬೇಕೆಂದು ಒಡಂಬಡಿಕೆ ಮಾಡಿತು. ನಮ್ಮ ಜಿಲ್ಲೆಗಳು ಅಂದು ಯಾವ ಪ್ರಾಂತದ ನೆರಳಿನಲ್ಲಿದ್ದವೋ ಆ ಮುಂಬಯಿ ಪ್ರಾಂತದ ಶಾಸನಸಭೆಯಲ್ಲಿ 1928ರಲ್ಲಿ ಹೆರಿಗೆ ಭತ್ಯದ ಮಸೂದೆ ಚರ್ಚೆಗೆ ಬಂದಿತು. ಗರ್ಭಿಣಿಗೂ ಬಾಣಂತಿಗೂ ವಿಶ್ರಾಂತಿ ದೊರೆಯುವುದು ರಾಷ್ಟ್ರದ ಹಿತದ ಪ್ರಶ್ನೆಯೆಂದು ಡಾ. ಬಾಬಾಸಾಹೇಬ ಅಂಬೇಡ್ಕರರು ಅದನ್ನು ಬೆಂಬಲಿಸಿ ಮಾತನಾಡಿದರು. 1929ರಲ್ಲಿ ಅದು ಕಾಯಿದೆಯಾಯಿತು. ಸ್ವತಂತ್ರ ಭಾರತವು 1961ರಲ್ಲಿ ದೇಶಕ್ಕೆಲ್ಲ ಹೆರಿಗೆ ಸೌಲಭ್ಯದ ಕಾಯಿದೆಯನ್ನು ಮಾಡಿ 12 ವಾರಗಳ ರಜೆಯನ್ನು ವಿಧಿಸಿತು. 2017ರಲ್ಲಿ ಅದು ಮೊದಲ ಎರಡು ಮಕ್ಕಳಿಗೆ 26 ವಾರಗಳಾಯಿತು. ಆದರೆ ಹೊಲದಲ್ಲಿ ಕೂಲಿ ಮಾಡುವವಳ ಹಾಜರಿ ಯಾವ ಪುಸ್ತಕದಲ್ಲಿದೆ? ಹಾಜರಿಯಿಲ್ಲದವಳಿಗೆ ರಜೆ ಎಲ್ಲಿಂದ ಬರಬೇಕು?

ಈ ದುಡಿಮೆ ಕೂಸಿನ ಮೈಯಲ್ಲಿ ಬರೆದಿಡುವ ಲೆಕ್ಕವನ್ನು ಪುಣೆಯ ಬಳಿಯ ಹಳ್ಳಿಗಳಲ್ಲಿ ಸಂಶೋಧಕರು ಅಳೆದು ನೋಡಿದರು. 2003ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ಬಸುರಿನಲ್ಲಿ ಹೆಚ್ಚು ಶ್ರಮದ ಕೆಲಸ ಮಾಡಿದ ತಾಯಂದಿರ ಕೂಸುಗಳು ಹುಟ್ಟುವಾಗ ಸಣ್ಣವಾಗಿದ್ದುವು. ಇದಕ್ಕೆ ಎದುರಾಗಿ, ಬೆಂಗಳೂರಿನಲ್ಲಿ 335 ಗರ್ಭಿಣಿಯರನ್ನು ಕುರಿತು ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದುಂಟು. ಅಲ್ಲಿ ಒಂದು ಗುಂಪಿನವರು ದಿನಕ್ಕೊಂದು ಗಂಟೆ ಹಿತವಾದ ಯೋಗಾಭ್ಯಾಸವನ್ನೂ, ಇನ್ನೊಂದು ಗುಂಪಿನವರು ಅರ್ಧ ಗಂಟೆಯಂತೆ ಎರಡು ಹೊತ್ತು ನಡಿಗೆಯನ್ನೂ ಮಾಡಿದರು. ಯೋಗದ ಗುಂಪಿನಲ್ಲಿ ಎರಡೂವರೆ ಕಿಲೋ ಮತ್ತು ಅದಕ್ಕೂ ಮೇಲೆ ತೂಗಿದ ಕೂಸುಗಳು ಹೆಚ್ಚಾಗಿ ಹುಟ್ಟಿದುವು. ಒಂದು ಅಧ್ಯಯನದಿಂದಲೇ ಕಡೆಯ ತೀರ್ಪು ಕೊಡಲಾಗದು. ಆದರೂ ಈ ಎರಡನ್ನೂ ಜೊತೆಯಲ್ಲಿಟ್ಟು ಓದಿದರೆ ಒಂದು ಮಾತು ಸ್ಪಷ್ಟ: ವ್ಯಾಯಾಮ ಬೇರೆ, ದಣಿವು ಬೇರೆ. ಒಂದರಲ್ಲಿ ಹೆಣ್ಣು ತನಗೆ ಸಾಕೆನಿಸಿದಾಗ ನಿಲ್ಲಬಲ್ಲಳು, ಇನ್ನೊಂದರಲ್ಲಿ ನಿಲ್ಲಲಾರಳು.

ಯೋಗದ ಮಾತು ಬಂದುದರಿಂದ ಕನ್ನಡ ನಾಡಿನ ಋಣವನ್ನೂ ಸ್ಮರಿಸಬೇಕು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿ, ಮೈಸೂರಿನಲ್ಲಿ ಕೃಷ್ಣಮಾಚಾರ್ಯರಲ್ಲಿ ಕಲಿತು, 1937ರಲ್ಲಿ ಪುಣೆಗೆ ಬಂದು ನೆಲೆಸಿದ ಬಿ. ಕೆ. ಎಸ್. ಅಯ್ಯಂಗಾರ್ಯರು 1966ರಲ್ಲಿ ಪ್ರಕಟಿಸಿದ ಪ್ರಸಿದ್ಧ ಯೋಗಗ್ರಂಥದಲ್ಲಿ, ಅಂಗಾಲುಗಳನ್ನು ಜೋಡಿಸಿ ಕೂಡುವ ಬದ್ಧಕೋನಾಸನವು ಗರ್ಭಿಣಿಗೆ ಹಿತವೆಂದು ಹೇಳಿದ್ದಾರೆ. ಅವರ ಮಗಳು ಗೀತಾ ಅಯ್ಯಂಗಾರ್ ಅವರು ಸ್ತ್ರೀಯರ ಯೋಗಾಭ್ಯಾಸವನ್ನೇ ವಿಷಯವಾಗಿ ಹಿಡಿದು ಗ್ರಂಥ ರಚಿಸಿದರು.

ವೈದ್ಯಲೋಕದ ನಿಯಮಗಳೂ ಒಂದೇ ಕಡೆ ನಿಂತವಲ್ಲ. 1949ರಲ್ಲಿ ಅಮೆರಿಕದ ಸರಕಾರದ ಶಿಶು ಇಲಾಖೆಯು ಗರ್ಭಿಣಿಯರು ಮನೆಗೆಲಸ, ತೋಟಗೆಲಸ ಮಾಡಬಹುದು, ಹಲವು ಸಲಕ್ಕೆ ಹಂಚಿಕೊಂಡು ದಿನಕ್ಕೊಂದು ಮೈಲಿ ನಡೆಯಬಹುದು, ಆದರೆ ಕ್ರೀಡೆಗಳು ಬೇಡವೆಂದು ಸಲಹೆಯಿತ್ತಿತು. 1985ರಲ್ಲಿ ಅಲ್ಲಿನ ಪ್ರಸೂತಿತಜ್ಞರ ಸಂಸ್ಥೆಯು ವ್ಯಾಯಾಮದಲ್ಲಿ ಗರ್ಭಿಣಿಯ ನಾಡಿ ನಿಮಿಷಕ್ಕೆ 140 ಬಡಿತಗಳನ್ನು ಮೀರಬಾರದೆಂದು ಗೆರೆ ಎಳೆಯಿತು. 1994ರಲ್ಲಿ ಆ ಗೆರೆಯನ್ನು ತಾನೇ ಅಳಿಸಿತು. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು, ವೈದ್ಯರ ದೃಷ್ಟಿಯಿಂದ ಅಡ್ಡಿಯಿಲ್ಲದ ಗರ್ಭಿಣಿಯರೂ ಬಾಣಂತಿಯರೂ ವಾರಕ್ಕೆ 150 ನಿಮಿಷಗಳಷ್ಟಾದರೂ ಮಧ್ಯಮ ಬಗೆಯ ಚಟುವಟಿಕೆ ಮಾಡುವುದು ಹಿತವೆಂದಿತು. ಐದು ದಿನಕ್ಕೆ ಹಂಚಿದರೆ ದಿನಕ್ಕೆ ಅರ್ಧ ಗಂಟೆಯ ನಡಿಗೆ. ನಡೆಯುತ್ತ ಜೊತೆಯವರೊಡನೆ ಮಾತನಾಡಲು ಉಸಿರು ಸಾಲುವಂತಿದ್ದರೆ ಹದ ಸರಿಯಾಗಿದೆಯೆಂದು ತಿಳಿಯಬೇಕು. ರಕ್ತಸ್ರಾವ, ನೀರು ಹೋಗುವುದು, ತಲೆಸುತ್ತು, ಎದೆನೋವು, ಮೀನಖಂಡದ ಬಾವು, ಬಿಟ್ಟುಬಿಟ್ಟು ಬರುವ ಹೊಟ್ಟೆನೋವು, ಇವುಗಳಲ್ಲಿ ಯಾವುದು ಕಂಡರೂ ನಿಲ್ಲಿಸಿ ವೈದ್ಯರಲ್ಲಿಗೆ ಹೋಗಬೇಕು. ರಕ್ತ ಬಹಳ ಕಡಿಮೆಯಿರುವವರೂ, ರಕ್ತದೊತ್ತಡ ಏರಿದವರೂ, ಹೃದಯದ ತೊಂದರೆಯುಳ್ಳವರೂ ಮೊದಲೇ ಕೇಳಿಕೊಳ್ಳಬೇಕು.

ಇಷ್ಟು ದೂರ ಸುತ್ತಿ ಬಂದ ಮೇಲೆ ನಮ್ಮ ಓಣಿಯ ಎರಡು ಮನೆಗಳಿಗೆ ಮರಳೋಣ. ಎರಡು ಸಾವಿರ ವರ್ಷಗಳಿಂದ ಬುದ್ಧಿವಂತರು ಕೇಳಿದ ಪ್ರಶ್ನೆ “ಗರ್ಭಿಣಿಗೆ ನಡಿಗೆಯೋ ವಿಶ್ರಾಂತಿಯೋ” ಎಂಬುದು. ಚರಿತ್ರೆ ನಮಗೆ ಕಲಿಸುವುದು ಆ ಪ್ರಶ್ನೆಯೇ ತಪ್ಪೆಂದು. “ಯಾವ ಗರ್ಭಿಣಿಗೆ” ಎಂದು ಮೊದಲು ಕೇಳಬೇಕಿತ್ತು. ಮಂಚದ ಮೇಲಿದ್ದವಳಿಗೆ ನಡಿಗೆ ಬೇಕಿತ್ತು, ಕೊಡ ಹೊತ್ತವಳಿಗೆ ವಿಶ್ರಾಂತಿ ಬೇಕಿತ್ತು. ನಾವು ಇಬ್ಬರಿಗೂ ಬೇಡದ್ದನ್ನು ಕೊಟ್ಟೆವು. ನಾವು ಎನ್ನುವಾಗ ಹಿರಿಯರನ್ನು ಮಾತ್ರ ದೂರುತ್ತಿಲ್ಲ. ನಮ್ಮ ಮನೆಯಲ್ಲಿ ನಾವು ಬಾಯಿ ತೆರೆಯಲಿಲ್ಲ. ಶಾಲೆಯ ಅಂಗಳದಲ್ಲಿ ಆ ತಾಯಿ ಕೊಡ ಇಳಿಸುವಾಗ, ಎದ್ದು ಹೋಗಿ ಹಿಡಿದುಕೊಳ್ಳಲೂ ಇಲ್ಲ; ಹಾಜರಿ ಪುಸ್ತಕ ಬರೆಯುತ್ತ ಕುಳಿತಿದ್ದೆವು.

ಎರಡನೆಯ ಬಸುರಿನಲ್ಲಿ ನಮ್ಮ ಮನೆಯಾಕೆ ವೈದ್ಯರನ್ನು ಕೇಳಿ, ದಿನವೂ ಸಂಜೆ ಕೆರೆಯ ಏರಿಯವರೆಗೆ ನಡೆದಳು. ಹಿರಿಯ ಮಗುವನ್ನು ಹೆಗಲ ಮೇಲೆ ಕೂಡಿಸಿಕೊಂಡು ನಾವೂ ಜೊತೆಗೆ ನಡೆದೆವು. ತಂದೆಯಾದವನಿಗೂ ನಡಿಗೆ ಬೇಕೆಂಬುದು ನಮಗೆ ಆಗ ತಿಳಿಯಿತು; ಕುರ್ಚಿಯಲ್ಲಿ ಕುಳಿತು ಬೆಳೆದ ನಮ್ಮ ಹೊಟ್ಟೆಯೂ ಸ್ವಲ್ಪ ಇಳಿಯಿತು. ಓಣಿಯವರು ಮೊದಮೊದಲು ನಕ್ಕರು, ಆಮೇಲೆ ಸುಮ್ಮನಾದರು.

ಎರಡು ಕಿಲೋ ತೂಗದ ಆ ಕೂಸು ಈಗ ನಮ್ಮ ಒಂದನೆಯ ತರಗತಿಯಲ್ಲಿ ಮುಂದಿನ ಸಾಲಿನಲ್ಲಿ ಕುಳಿತಿದೆ. ಸಾಲಿನಲ್ಲೆಲ್ಲ ಅವಳೇ ಗಿಡ್ಡಳು, ಬರೆಯುವುದರಲ್ಲಿ ಚುರುಕು. ಅವಳ ತಾಯಿ ಈಗಲೂ ಬೆಳಿಗ್ಗೆ ನೀರು ತರುತ್ತಾಳೆ. ಕೊಡ ಇಳಿಸಿಕೊಳ್ಳಲು ಈಗ ನಾವು ಏಳುತ್ತೇವೆ. ಇದು ಬಹು ಸಣ್ಣ ಕೆಲಸ, ಬಹು ತಡವಾಗಿ ಕಲಿತದ್ದು. ಸಂಘದ ಬಂಧುಗಳು ತಮ್ಮ ತಮ್ಮ ಮನೆಯಲ್ಲಿ, ಓಣಿಯಲ್ಲಿ ಬಸುರಿಯೊಬ್ಬಳನ್ನು ಕಂಡಾಗ ಉಪದೇಶಕ್ಕೆ ಮೊದಲು ಅವಳ ದಿನಚರಿಯನ್ನು ಕೇಳಬೇಕೆಂಬುದು ನಮ್ಮ ವಿಜ್ಞಾಪನೆ. ಕುಳಿತವಳಾದರೆ ಜೊತೆಗೆ ನಡೆಯೋಣ. ಹೊತ್ತವಳಾದರೆ ಹೊರೆ ಇಳಿಸಿಕೊಳ್ಳೋಣ.